ಫಾರ್ಮ್ಯಾಟ್ ಆಗಲೊಲ್ಲದ ಫ್ಲಾಪಿ

ದೆವ್ವ, ಶಕುನ, ದೃಷ್ಟಿ ಇವುಗಳ ಮಾತು ಬಂದಾಗಲೆಲ್ಲ ನಮ್ಮ ಮನೆಯಲ್ಲಿ ನನ್ನನ್ನು ಉಪಾಯವಾಗಿ ಕಾಫಿ ಮಾಡಲು ಒಳಗೆ ಕಳಿಸಿಬಿಡುತ್ತಿದ್ದರು. ನಾನು ಎದುರಿಗೆ ಕೂತರೆ ಕತೆ ಹೇಳುವವರಿಗೆ ಬಾಯೇ ಬರುವುದಿಲ್ಲ ಎನ್ನುವುದು ನಮ್ಮ ಅತ್ತೆಯ ದೂರು. ದೂರು ಸುಳ್ಳೇನಲ್ಲ. "ಇದ್ದಕ್ಕಿದ್ದ ಹಾಗೆ ದೀಪ ಆರಿಹೋಯ್ತು" ಎಂದು ಯಾರಾದರೂ ಕಣ್ಣರಳಿಸಿದರೆ "ಕಿಟಕಿ ತೆಗೆದಿತ್ತಾ?" ಎಂದು ಕೇಳುವವಳು ನಾನು. ಕೆಟ್ಟ ಯಂತ್ರಗಳನ್ನು ರಿಪೇರಿ ಮಾಡಿ ಅನ್ನ ತಿಂದವಳಿಗೆ ಬೇರೆ ಬುದ್ಧಿ ಎಲ್ಲಿಂದ ಬರಬೇಕು? ಕಾರಣವಿಲ್ಲದೆ ಯಾವುದೂ ಕೆಡುವುದಿಲ್ಲ. ಕಾರಣ ಸಿಗಲಿಲ್ಲವೆಂದರೆ ಹುಡುಕಿದವರು ಸರಿಯಾಗಿ ಹುಡುಕಿಲ್ಲ, ಅಷ್ಟೆ. ಹೀಗೆಂದು ನಾನು ಎಷ್ಟೋ ಜನಕ್ಕೆ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದೇನೆ.

ಈಗ ಬರೆಯಹೊರಟಿರುವುದನ್ನು ಇನ್ನೊಬ್ಬರು ನನಗೆ ಹೇಳಿದ್ದರೆ ಅವರಿಗೂ ಅದೇ ಮಾತು ಹೇಳುತ್ತಿದ್ದೆ. ಆದ್ದರಿಂದ ನೀವು ನಕ್ಕರೆ ನನಗೆ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಉಪ್ಪು ಖಾರ ಹಚ್ಚುವುದಿಲ್ಲ.

ಅದು ತೊಂಬತ್ತರ ದಶಕದ ನಡುವಿನ ಮಾತು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ್ದ ನಾನು ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಮಹಡಿಯ ಮೇಲಿದ್ದ ಒಂದು ಸಣ್ಣ ಕಂಪ್ಯೂಟರ್ ಸರ್ವೀಸ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಮೊಪೆಡ್ಡಿನ ಮುಂದೆ ಚೀಲ ಇಟ್ಟುಕೊಂಡು ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಲೇಔಟ್ ಸುತ್ತುವುದೇ ದಿನದ ಕೆಲಸ. ಬಾಗಿಲು ತೆಗೆದವರು ನನ್ನ ಬೆನ್ನ ಹಿಂದೆ ಇಣುಕಿ "ಇಂಜಿನಿಯರ್ ಬರ್ಲಿಲ್ವಾ?" ಎನ್ನುತ್ತಿದ್ದರು. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲಾಮೇಲೆ "ಚೀಲದಲ್ಲಿದ್ದಾರೆ, ಒಳಗೆ ಹೋದ್ಮೇಲೆ ತೆಗೀತೀನಿ" ಎನ್ನುವುದನ್ನು ಕಲಿತೆ.

ಹಾಗೆ ಕೇಳದೆ ಇದ್ದ ಕೆಲವೇ ಗಿರಾಕಿಗಳಲ್ಲಿ ಶ್ರೀಕಂಠಯ್ಯನವರು ಒಬ್ಬರು. ಐವತ್ತು ದಾಟಿದ್ದರು. ಬಹಳ ಹಿಂದಿನಿಂದ ಜಯನಗರದಲ್ಲಿ ನೆಲೆಸಿದ ಮನೆತನ, ಹಣೆಯಲ್ಲಿ ತೆಳುವಾಗಿ ವಿಭೂತಿ, ಮೆಲು ಮಾತು. ಅವರು ಡಾಕ್ಟರಲ್ಲ, ಭೌತಶಾಸ್ತ್ರ ಓದಿದವರು. ಕ್ಯಾನ್ಸರ್ ಗಡ್ಡೆಗೆ ಕಿರಣ ಕೊಟ್ಟು ಸುಡುತ್ತಾರಲ್ಲ, ಆ ಕಿರಣ ಯಾವ ಕೋನದಿಂದ ಬರಬೇಕು, ಎಷ್ಟು ಹೊತ್ತು ಬೀಳಬೇಕು, ಗಡ್ಡೆ ಸುಟ್ಟರೂ ಪಕ್ಕದ ಅಂಗಕ್ಕೆ ಪೆಟ್ಟಾಗದಂತೆ ಹೇಗೆ ಎಂದು ಲೆಕ್ಕ ಕಟ್ಟುವುದು ಅವರ ಕಸುಬು. ಕಿರಣ ಕೊಡುವ ಆಸ್ಪತ್ರೆ ಊರಿನ ಇನ್ನೊಂದು ತುದಿಯಲ್ಲಿತ್ತು. ಲೆಕ್ಕ ನಡೆಯುತ್ತಿದ್ದುದು ಮಾತ್ರ ಇವರ ಮನೆಯ ಕೆಳಗಿನ ಒಂದು ಕೋಣೆಯಲ್ಲಿ. ಅಲ್ಲೊಂದು ಹಳೆಯ ವರ್ಕ್‌ಸ್ಟೇಷನ್. ಆ ಕಾಲಕ್ಕೇ ಹಳೆಯದು ಎನ್ನಿಸುವಷ್ಟು ಹಳೆಯದು. ಕಂಪ್ಯೂಟರ್ ಇರುವ ಕೋಣೆಗೆ ಚಪ್ಪಲಿ ಹಾಕಿಕೊಂಡು ಹೋಗಬಾರದು ಎಂದು ಆಗ ಎಲ್ಲ ಕಡೆಯೂ ಇತ್ತು. ಇವರಲ್ಲಂತೂ ಕಾಲು ತೊಳೆದೇ ಒಳಗೆ ಹೋಗಬೇಕಿತ್ತು.

ಲೆಕ್ಕ, ಅವರ ಮಾತಿನಲ್ಲಿ 'ಪ್ಲಾನ್', ಮುಗಿದ ಮೇಲೆ ಅದು ಆಸ್ಪತ್ರೆಗೆ ಹೋಗುತ್ತಿದ್ದುದು ಫ್ಲಾಪಿಯಲ್ಲಿ. ಈಗಿನವರಿಗೆ ಫ್ಲಾಪಿ ಎಂದರೇನೆಂದೇ ಗೊತ್ತಿರಲಿಕ್ಕಿಲ್ಲ. ಅಂಗೈಯಗಲದ ಚಪ್ಪಟೆ ಪ್ಲಾಸ್ಟಿಕ್ ಡಬ್ಬಿ, ಒಳಗೊಂದು ಕಪ್ಪು ತಟ್ಟೆ. ಅದರಲ್ಲಿ ಏನಾದರೂ ಬರೆಯುವ ಮೊದಲು ಫಾರ್ಮ್ಯಾಟ್ ಮಾಡಬೇಕು. ರಂಗೋಲಿ ಎಳೆಯುವ ಮೊದಲು ಚುಕ್ಕಿ ಇಡುತ್ತೇವಲ್ಲ, ಹಾಗೆ. ಮೊದಲನೆಯ ಸಾಲಿನ ಚುಕ್ಕಿಯೇ ಬೀಳದಿದ್ದರೆ ಕಂಪ್ಯೂಟರ್ 'ಟ್ರ್ಯಾಕ್ ಝೀರೋ ಬ್ಯಾಡ್' ಎಂದು ಹೇಳಿ ಕೈ ಚೆಲ್ಲುತ್ತದೆ. ಶ್ರೀಕಂಠಯ್ಯನವರ ಪ್ರೋಗ್ರಾಮಿಗೆ ಇನ್ನೂ ಒಂದು ಗತ್ತು ಇತ್ತು. ಬೇರೆ ಕಡೆ ಫಾರ್ಮ್ಯಾಟ್ ಮಾಡಿ ತಂದ ಫ್ಲಾಪಿಯನ್ನು ಅದು ಒಪ್ಪುತ್ತಿರಲಿಲ್ಲ. ಮಡಿ ಹೆಂಗಸರು ಬೇರೆಯವರು ತೊಳೆದ ಪಾತ್ರೆಯನ್ನು ಮತ್ತೆ ತೊಳೆಯುವ ಹಾಗೆ, ತಾನೇ ಇನ್ನೊಮ್ಮೆ ಫಾರ್ಮ್ಯಾಟ್ ಮಾಡಿಯೇ ಬರೆಯಬೇಕು. ಆಸ್ಪತ್ರೆಯ ಯಂತ್ರ ಓದುತ್ತಿದ್ದುದೂ ಹಾಗೆ ಬರೆದದ್ದನ್ನು ಮಾತ್ರ.

ಆ ದಿನ ಊಟದ ಡಬ್ಬಿ ತೆರೆಯುವ ಹೊತ್ತಿಗೆ ಅಂಗಡಿಗೆ ಫೋನ್ ಬಂತು. "ಬೆಳಿಗ್ಗೆಯಿಂದ ಒಂದು ಫ್ಲಾಪಿನೂ ತಗೋತಿಲ್ಲ ಕಣಮ್ಮ. ಸಂಜೆಯೊಳಗೆ ಒಂದು ಪೇಷೆಂಟ್ ಹೋಗ್ಲೇಬೇಕು. ಬೇಗ ಬಾಮ್ಮ" ಎಂದರು ಶ್ರೀಕಂಠಯ್ಯ. ಅವರ ದನಿ ಅಷ್ಟು ಆತುರದಲ್ಲಿದ್ದುದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಡಬ್ಬಿ ಮುಚ್ಚಿ ಹೊರಟೆ.

ಅವರ ಮನೆಯ ವರಾಂಡದ ಬೆಂಚಿನ ಮೇಲೆ ಒಬ್ಬ ತಾಯಿ, ಮಗಳು ಕೂತಿದ್ದರು. ಮಗಳು ಸವಿತಾ, ಕಾಲೇಜಿನ ಎರಡನೆಯ ವರ್ಷದಲ್ಲಿದ್ದ ಹುಡುಗಿ. ತಾಯಿ ಶಾಂತವ್ವ. ಹುಬ್ಬಳ್ಳಿ ಕಡೆಯವರು, ಗಂಡನಿಗೆ ಇಲ್ಲಿಗೆ ವರ್ಗವಾಗಿ ಬಿ.ಟಿ.ಎಂ. ಲೇಔಟಿನಲ್ಲಿ ಬಾಡಿಗೆ ಮನೆ ಹಿಡಿದಿದ್ದರು. ಹುಡುಗಿ ಅಂಗೈಯಿಂದ ಬಲಗಣ್ಣು ಮುಚ್ಚಿಕೊಂಡು ಗೋಡೆಯ ಕ್ಯಾಲೆಂಡರ್ ಓದುತ್ತಿದ್ದಳು. ಚೀಲ ನೋಡಿದವರೇ ಶಾಂತವ್ವ ಎದ್ದು ನಿಂತರು.

"ಅಕ್ಕಾರ, ಮಷೀನ್ ರಿಪೇರಿ ಮಾಡೋರು ನೀವೇನ್ರಿ? ಲಗೂನ ಮಾಡ್ರಿ. ಇವತ್ತ ಪಾಳಿ ತಪ್ಪಿದ್ರ ಮತ್ತ ಯಾವಾಗ ಸಿಗತೈತಿ ಅಂತ ಯಾರೂ ಹೇಳವಲ್ರು."

ಒಳಗೆ ಹೋದ ಮೇಲೆ ಶ್ರೀಕಂಠಯ್ಯ ವಿಷಯ ಹೇಳಿದರು. ಹುಡುಗಿಯ ಬಲಗಣ್ಣಿನ ಹಿಂದೆ ಗಡ್ಡೆ. ಆಪರೇಷನ್ ಮಾಡುವ ಜಾಗವಲ್ಲ, ಕಿರಣವೊಂದೇ ದಾರಿ. ಆ ಕಣ್ಣು ಆಗಲೇ ಮಂಜಾಗಿದೆ, ಎಡಗಣ್ಣು ಚೆನ್ನಾಗಿದೆ. ಗಡ್ಡೆ ಬೆಳೆಯುತ್ತಿದೆ. ಆಸ್ಪತ್ರೆಯಲ್ಲಿ ಎಷ್ಟೋ ದಿನ ಕಾದು ಸಿಕ್ಕಿದ ಸರದಿ ಇವತ್ತು ಸಂಜೆಗೆ. ಇವತ್ತು ಶುರುವಾಗದಿದ್ದರೆ ಆ ಜಾಗ ಮುಂದಿನವರಿಗೆ ಹೋಗುತ್ತದೆ, ಮತ್ತೆ ಪಟ್ಟಿಯ ಕೊನೆಯಿಂದ. ನಾಲ್ಕು ಗಂಟೆಗೆ ಇಲ್ಲಿಂದ ಹೊರಟರೆ ಸರಿ. ಲೆಕ್ಕವೆಲ್ಲ ಬೆಳಿಗ್ಗೆಯೇ ಮುಗಿದಿದೆ, ಬೇಕಾಗಿರುವುದು ಒಂದು ಫ್ಲಾಪಿ.

ಕೇಳಿ ನನಗೆ ಸಮಾಧಾನವೇ ಆಯಿತು. ಒಂದು ಫ್ಲಾಪಿ ತಾನೆ! "ಬಾಕ್ಸೇ ಹಾಳು ಸಾರ್, ಈ ಕಂಪನಿದು ತಗೋಬೇಡಿ ಅಂತ ಆವತ್ತೇ ಹೇಳಿದ್ದೆ" ಎಂದು ನನ್ನ ಚೀಲದಿಂದ ಒಂದು ಹೊಸದನ್ನು ತೆಗೆದು ಹಾಕಿದೆ. ಡ್ರೈವ್ ಕರಕರ ಎಂದಿತು, ಒಂದು ಕ್ಷಣ ತಡೆಯಿತು, ಮತ್ತೆ ಕರಕರ ಎಂದು ನಿಂತಿತು. ಟ್ರ್ಯಾಕ್ ಝೀರೋ ಬ್ಯಾಡ್. ಇನ್ನೊಂದು ಹಾಕಿದೆ. ಅದೂ ಹಾಗೇ.

ಇನ್ನು ಮಾಮೂಲಿ ದಾರಿ. ಡ್ರೈವ್ ಬಿಚ್ಚಿ, ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಓದುವ ಹೆಡ್ಡನ್ನು ಒರೆಸಿದೆ. ಅಲ್ಲಿ ಕೊಳೆ ಕೂತರೆ ಈ ದೋಷ ಬರುವುದು ಸಹಜ. ಹತ್ತಿ ಬೆಳ್ಳಗೆ ಹೋಗಿ ಬೆಳ್ಳಗೇ ಬಂತು. ಕೇಬಲ್ ಬದಲಾಯಿಸಿದೆ. ಕರೆಂಟಿನ ವೋಲ್ಟೇಜ್ ಅಳೆದೆ, ಯು.ಪಿ.ಎಸ್. ನೋಡಿದೆ, ಮೇಜಿನ ಮೇಲೆ ಎಲ್ಲಾದರೂ ಅಯಸ್ಕಾಂತ ಇದೆಯೇ ಎಂದು ಪೆನ್ ಸ್ಟ್ಯಾಂಡನ್ನೂ ಬಿಡದೆ ಹುಡುಕಿದೆ. ಏನೂ ಇಲ್ಲ. ಗಾಜಿನ ಬಾಗಿಲಿನ ಆಚೆ ಶಾಂತವ್ವ ನಿಂತು ನನ್ನ ಕೈಗಳನ್ನೇ ನೋಡುತ್ತಿದ್ದರು. ಯಾರಾದರೂ ನೋಡುತ್ತ ನಿಂತರೆ ನನಗೆ ಕೆಲಸ ಓಡುವುದಿಲ್ಲ, ಆದರೆ ಅವರಿಗೆ ಹೋಗಿ ಎನ್ನಲು ಬಾಯಿ ಬರಲಿಲ್ಲ.

ಡ್ರೈವೇ ಹೋಗಿದೆ ಎಂದುಕೊಂಡು ಅದನ್ನು ಕಳಚಿ, ತಿರಸ್ಕೃತವಾದ ಫ್ಲಾಪಿಗಳನ್ನೂ ಎತ್ತಿಕೊಂಡು ಅಂಗಡಿಗೆ ಹಾರಿದೆ. ಅಲ್ಲಿಯ ಕಂಪ್ಯೂಟರಿಗೆ ಆ ಡ್ರೈವ್ ಜೋಡಿಸಿ ಒಂದೊಂದೇ ಫ್ಲಾಪಿ ಹಾಕಿದೆ. ಎಲ್ಲವೂ ಒಂದು ಚೂರೂ ತಕರಾರಿಲ್ಲದೆ ಫಾರ್ಮ್ಯಾಟ್ ಆದವು. ಅದೇ ಡ್ರೈವ್, ಅವೇ ಫ್ಲಾಪಿಗಳು. ನನಗೆ ಕೊಂಚ ತಲೆ ಕೆಟ್ಟಿತು. ಆದರೂ ಇರಲಿ ಎಂದು, ಸರಿಯಾಗಿ ಕೆಲಸ ಮಾಡುತ್ತಿದ್ದ ಇನ್ನೊಂದು ಡ್ರೈವನ್ನು ಅಂಗಡಿಯ ಯಂತ್ರದಿಂದಲೇ ಕಿತ್ತುಕೊಂಡು, ಅವೇ ಫ್ಲಾಪಿಗಳ ಜೊತೆ ವಾಪಸು ಬಂದೆ. ಜೋಡಿಸಿದೆ. ಫ್ಲಾಪಿ ಹಾಕಿದೆ. ಕರಕರ, ತಡೆ, ಕರಕರ. ಟ್ರ್ಯಾಕ್ ಝೀರೋ ಬ್ಯಾಡ್.

ಆಗ ಮೂರು ಗಂಟೆ ಹತ್ತಿರವಾಗಿತ್ತು. "ಏನಮ್ಮಾ, ಆಗತ್ತಾ?" ಎಂದರು ಶ್ರೀಕಂಠಯ್ಯ. ಆಗದು ಎಂದು ನಾನು ಯಾವತ್ತೂ ಹೇಳಿದವಳಲ್ಲ. "ಬೇರೆ ಯಾರದ್ದಾದ್ರೂ ಪ್ಲಾನ್ ಇದ್ರೆ ತೆಗೀರಿ ಸಾರ್, ಅದನ್ನ ಬರೆದು ನೋಡೋಣ" ಎಂದೆ. ಹಿಂದಿನ ವಾರ ಬಂದಿದ್ದ ಯಾರೋ ಮುದುಕರ ಪ್ಲಾನನ್ನು ಅವರು ಪರದೆಗೆ ತಂದರು. ಅದೇ ಫ್ಲಾಪಿ ಹಾಕಿದೆ. ಕರಕರ ಎನ್ನುತ್ತ ಡ್ರೈವ್ ಸಾಲು ಸಾಲಾಗಿ ಮುಂದೆ ಹೋಯಿತು. ಫಾರ್ಮ್ಯಾಟ್ ಆಯಿತು. ಬರೆಯಿತು ಕೂಡ.

ನಾವಿಬ್ಬರೂ ಒಟ್ಟಿಗೆ ಉಸಿರು ಬಿಟ್ಟೆವು. ಸರಿಹೋಯಿತು ಎಂದುಕೊಂಡು ಅವರು ಸವಿತಾಳ ಪ್ಲಾನ್ ತೆರೆದರು. ನಾನು ಆ ಫ್ಲಾಪಿಯನ್ನು ಹೊರಗೂ ತೆಗೆಯಲಿಲ್ಲ. ಗುಂಡಿ ಒತ್ತಿದರು. ಟ್ರ್ಯಾಕ್ ಝೀರೋ ಬ್ಯಾಡ್. ಮತ್ತೆ ಮುದುಕರದ್ದು ತೆರೆದರೆ, ಆಯಿತು. ಸವಿತಾಳದ್ದು, ಇಲ್ಲ. ಇನ್ನೊಬ್ಬರ್ಯಾರದೋ ತೆರೆದೆವು, ಆಯಿತು. ಸವಿತಾಳದ್ದು, ಇಲ್ಲ.

ಇದರಲ್ಲಿ ವಿಚಿತ್ರವೇನು ಎಂದು ನಿಮಗೆ ಅನ್ನಿಸಬಹುದು, ಅದಕ್ಕೇ ಬಿಡಿಸಿ ಹೇಳುತ್ತೇನೆ. ಫಾರ್ಮ್ಯಾಟ್ ಮಾಡುವಾಗ ಡ್ರೈವಿಗೆ ಯಾರ ಪ್ಲಾನ್, ಏನು ಪ್ಲಾನ್ ಎನ್ನುವುದು ಗೊತ್ತೇ ಇರುವುದಿಲ್ಲ. ಚುಕ್ಕಿ ಇಡುವವಳಿಗೆ ಆಮೇಲೆ ಯಾರು ಯಾವ ರಂಗೋಲಿ ಎಳೆಯುತ್ತಾರೆಂದು ಗೊತ್ತಿಲ್ಲದ ಹಾಗೆ. ಹುಡುಗಿಯ ಲೆಕ್ಕ ಇನ್ನೂ ಡ್ರೈವಿನ ಹತ್ತಿರಕ್ಕೂ ಬಂದಿರುವುದಿಲ್ಲ, ಅಷ್ಟರೊಳಗೇ ಅದು ಒಲ್ಲೆ ಎನ್ನುತ್ತಿತ್ತು. ಎ.ಸಿ. ಕೋಣೆಯಲ್ಲಿ ನನ್ನ ಬೆನ್ನು ಬೆವೆತಿತ್ತು. ನನಗೆ ಹೆದರಿಕೆಯಾಗಿತ್ತು ಎಂದೇ ಹೇಳಬೇಕು. ಆದರೆ ಅದನ್ನು ಒಪ್ಪಿಕೊಳ್ಳುವ ಜಾತಿಯಲ್ಲವಲ್ಲ ನಾನು, ಸಿಟ್ಟು ಮಾಡಿಕೊಂಡೆ.

"ಆ ಹುಡುಗಿ ಪ್ಲಾನೇ ಎಲ್ಲೋ ಕೆಟ್ಟಿದೆ ಸಾರ್. ಅಳಿಸಿಬಿಟ್ಟು ಮೊದಲಿಂದ ಹಾಕಿ."

"ಒಂದು ಗಂಟೆ ಹಿಡಿಯತ್ತೆ ಕಣಮ್ಮ. ಅವರು ಹೊರಡೋದು ಯಾವಾಗ?"

"ಹಾಕದೆ ಇದ್ರೆ ಹೊರಡೋದೇ ಇಲ್ವಲ್ಲ ಸಾರ್."

ಅವರು ಹುಡುಗಿಯ ಆಸ್ಪತ್ರೆ ಕಾಗದಗಳ ಕವರಿನಿಂದ ಒಂದು ಹಾಳೆ ಹೊರಗೆ ತೆಗೆದರು. ಅದು ಹಿಂದೆ ಮುಂದೆ ಎರಡೂ ಕಡೆಯಿಂದ ಕಾಣುವಂಥ ಬೆಣ್ಣೆ ಕಾಗದ. ಆಗಿನ ಪದ್ಧತಿ ಹೀಗಿತ್ತು: ಡಾಕ್ಟರು ಸ್ಕ್ಯಾನಿನ ಫಿಲ್ಮಿನ ಮೇಲೆ ಈ ಕಾಗದ ಇಟ್ಟು ತಲೆಯ ಆಕಾರವನ್ನೂ ಗಡ್ಡೆಯ ಆಕಾರವನ್ನೂ ಪೆನ್ಸಿಲಿನಿಂದ ತಿದ್ದಿ, ಒಂದು ಮೂಲೆಯಲ್ಲಿ ಬಲಗಡೆ ಯಾವುದೆಂದು ಇಂಗ್ಲಿಷಿನ ಆರ್ ಅಕ್ಷರ ಹಾಕಿ ಕಳಿಸುತ್ತಿದ್ದರು. ಶ್ರೀಕಂಠಯ್ಯ ಆ ಕಾಗದವನ್ನು ಒಂದು ಬೋರ್ಡಿನ ಮೇಲೆ ಹಾಸಿ, ವೈರು ಜೋಡಿಸಿದ ಪೆನ್ನಿನಂಥ ಸಾಧನದಿಂದ ಗೆರೆಗಳ ಮೇಲೆ ಸಾಗಿದರೆ ಆಕಾರ ಕಂಪ್ಯೂಟರಿಗೆ ಇಳಿಯುತ್ತಿತ್ತು. ಅವರು ಕಾಗದ ಬಿಡಿಸುತ್ತಿದ್ದಂತೆ ಅದರಿಂದ ಕೆಂಪು ಪುಡಿ ಮೇಜಿನ ಮೇಲೆ ಉದುರಿತು. ನೋಡುತ್ತೇನೆ, ಕಾಗದದ ನಾಲ್ಕು ಮೂಲೆಗೂ ಲಗ್ನಪತ್ರಿಕೆಗೆ ಹಚ್ಚಿದ ಹಾಗೆ ಅರಿಶಿನ, ಕುಂಕುಮ!

ಶಾಂತವ್ವ ಬೆಳಿಗ್ಗೆ ಇಲ್ಲಿಗೆ ಬರುವ ಮೊದಲು ಮನೆ ಹತ್ತಿರದ ಅಮ್ಮನವರ ಗುಡಿಗೆ ಹೋಗಿ ಆ ಕವರನ್ನು ದೇವರ ಮುಂದೆ ಇಡಿಸಿದ್ದರು. ಪೂಜೆ ಮಾಡಿದವರು ಹಾಳೆ ಹೊರಗೆ ತೆಗೆದು ಮೂಲೆ ಮೂಲೆಗೆ ಕುಂಕುಮ ಹಚ್ಚಿ ಕೊಟ್ಟಿದ್ದರು. ನನಗೆ ಬಂದ ಸಂತೋಷ ಅಷ್ಟಿಷ್ಟಲ್ಲ. ಕಾರಣ ಸಿಕ್ಕಿತ್ತು. ಹತ್ತಿ ಬೆಳ್ಳಗೇ ಬಂದದ್ದು, ಹೊಸ ಡ್ರೈವೂ ಕೈಕೊಟ್ಟದ್ದು, ಮುದುಕರ ಪ್ಲಾನು ಸಲೀಸಾಗಿ ಹೋದದ್ದು, ಎಲ್ಲವನ್ನೂ ಆ ಗಳಿಗೆಯಲ್ಲಿ ಬದಿಗೆ ತಳ್ಳಿದೆ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆಯಂತೆ.

"ಫ್ಲಾಪಿ ಡ್ರೈವ್ ಪಕ್ಕದಲ್ಲಿ ಕುಂಕುಮ ಇಟ್ಕೊಂಡು ನನ್ನ ಪ್ರಾಣ ತಿಂದ್ರಲ್ಲ ಸಾರ್! ಈ ಧೂಳು ಒಳಗೆ ಹೋದ್ರೆ ಯಾವ ಡ್ರೈವ್ ಉಳಿಯತ್ತೆ? ಮೊದಲು ಅದನ್ನ ಒರೆಸಿ."

ಶ್ರೀಕಂಠಯ್ಯ ಮುಖ ಸಣ್ಣಗೆ ಮಾಡಿಕೊಂಡರು. "ಪ್ರಸಾದ ಅಲ್ವೇನಮ್ಮಾ ಅದು? ಬೋರ್ಡಿಗೆ ಮೆತ್ತಿ ಹಾಳಾಗಬಾರದು ಅಂತ ಕುಂಕುಮ ಇರೋ ಮುಖಾನೇ ಮೇಲೆ ಮಾಡಿ ಇಟ್ಕೊಂಡು ಕೆಲಸ ಮಾಡ್ದೆ. ನಾನು ಹೇಗೆ ಬಟ್ಟೆ ತಗೊಂಡು ಒರೆಸ್ಲಿ?" ಎಂದರು. ಅವರು ಒರೆಸಲಿಲ್ಲ. ಬಾಗಿಲು ತೆರೆದು ಶಾಂತವ್ವನನ್ನು ಒಳಗೆ ಕರೆದರು.

ಶಾಂತವ್ವ ಹೆದರಿಕೊಂಡೇ ಬಂದರು. ನಾನು ಒರೆಸಲು ಹತ್ತಿ ಎತ್ತಿದ್ದನ್ನು ಕಂಡು "ಒರಸಬ್ಯಾಡ್ರಿ ಅಕ್ಕಾರ, ದೇವಿ ಕುಂಕುಮ ಐತಿ. ತಡೀರಿ, ನಾನ ತಗೀತೀನಿ" ಎಂದರು. ಬೆರಳಿನಿಂದ ಒಂದೊಂದೇ ಮೂಲೆಯ ಕುಂಕುಮ ತೆಗೆದು, ಬಾಗಿಲಲ್ಲಿ ನಿಂತಿದ್ದ ಮಗಳ ಹಣೆಗೆ ಹಚ್ಚಿದರು, ತಮ್ಮ ಹಣೆಗೆ ಹಚ್ಚಿಕೊಂಡರು. ಕೊನೆಯ ಮೂಲೆಯಲ್ಲಿ ಗಟ್ಟಿಯಾಗಿ ಕೂತಿದ್ದುದನ್ನು ಉಗುರಿನಿಂದ ಕೆರೆದರು. ಅದರ ಅಡಿಯಲ್ಲಿ ಒಂದು ಪೆನ್ಸಿಲ್ ಗುರುತು ಮೆಲ್ಲಗೆ ಕಾಣಿಸಿತು. ನನಗೆ ಅದೇನೆಂದು ಹೊಳೆಯಲಿಲ್ಲ.

ಶ್ರೀಕಂಠಯ್ಯ ಕಾಗದವನ್ನು ಎತ್ತಿ ಟ್ಯೂಬ್‌ಲೈಟಿಗೆ ಹಿಡಿದರು. ತಿರುಗಿಸಿದರು. ಮತ್ತೆ ಮೊದಲಿನ ಹಾಗೆ ಹಿಡಿದರು. ಆಮೇಲೆ ಕುರ್ಚಿ ಹುಡುಕಿಕೊಂಡು ಕೂತು, ನನ್ನೊಬ್ಬಳಿಗೇ ಕೇಳುವಷ್ಟು ಸಣ್ಣದಾಗಿ ಹೇಳಿದರು: "ಉಲ್ಟಾ ಇಟ್ಟಿದೀನಿ ಕಣಮ್ಮ."

ಆ ಗುರುತು ಆರ್ ಅಕ್ಷರ, ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿ ಕಾಣುತ್ತಿತ್ತು. ಪೂಜೆಯವರು ಕುಂಕುಮ ಹಚ್ಚಿದ್ದು ಕಾಗದದ ಹಿಂಬದಿಗೆ. ಆ ಮುಖವೇ ಮೇಲಿರಲಿ ಎಂದು ಇವರು ಹಾಸಿದಾಗ ಎಡ ಬಲವಾಯಿತು, ಬಲ ಎಡವಾಯಿತು. ಅದನ್ನು ಹೇಳಬೇಕಾದ ಒಂದೇ ಒಂದು ಅಕ್ಷರ ಕುಂಕುಮದ ಕೆಳಗಿತ್ತು. ಸ್ಕ್ಯಾನಿನ ಚಿತ್ರಗಳಲ್ಲಿ ಎದುರಿಗೆ ನಿಂತವರ ಕೈಗಳ ಹಾಗೆ ರೋಗಿಯ ಬಲಗಡೆ ನಮ್ಮ ಎಡಕ್ಕೆ ಕಾಣುವುದು ರೂಢಿ. ಗಡ್ಡೆ ಪರದೆಯ ಬಲಕ್ಕೆ ಕಂಡಾಗ ಅದು ರೋಗಿಯ ಎಡ ಎಂದು, ಅಂಥ ಚಿತ್ರಗಳನ್ನೇ ನೋಡಿ ನೋಡಿ ಪಳಗಿದ ಕಣ್ಣಿಗೂ ಆ ದಿನ ಹೊಳೆದಿರಲಿಲ್ಲ. ಪರದೆಯ ಮೇಲಿದ್ದ ಪ್ಲಾನಿನಲ್ಲಿ ಗಡ್ಡೆ ಎಡಗಣ್ಣಿನ ಹಿಂದಿತ್ತು. ಆ ಪ್ಲಾನ್ ಹೋಗಿದ್ದರೆ ಕಿರಣ ಬೀಳುತ್ತಿದ್ದುದು ಚೆನ್ನಾಗಿದ್ದ ಎಡಗಣ್ಣಿನ ಮೇಲೆ. ಗಡ್ಡೆ ಬಲಗಡೆಯಲ್ಲಿ ಆರಾಮವಾಗಿ ಬೆಳೆಯುತ್ತಿತ್ತು.

"ಆಸ್ಪತ್ರೆಲಿ ಇನ್ನೊಂದ್ಸಲ ನೋಡ್ತಿರ್ಲಿಲ್ವಾ ಸಾರ್?" ಎಂದೆ. "ನೋಡ್ತಿದ್ರೇನೋ" ಎಂದರು. ಕಾಗದವನ್ನು ಬೋರ್ಡಿನ ಮೇಲಿಟ್ಟು, "ನೋಡ್ದೇನೂ ಇರ್ಬೋದಿತ್ತು. ಅವರು ನನ್ನ ನಂಬ್ತಾರೆ" ಎಂದರು.

ಇನ್ನೊಬ್ಬರಾಗಿದ್ದರೆ ಅಲ್ಲಿಗೆ ಬಾಯಿ ಮುಚ್ಚಿಕೊಂಡು ಪ್ಲಾನ್ ತಿದ್ದಿಬಿಡುತ್ತಿದ್ದರು. ಶ್ರೀಕಂಠಯ್ಯ ಎದ್ದು ನಿಂತು ಶಾಂತವ್ವನಿಗೆ ಕೈ ಮುಗಿದರು. "ಅಮ್ಮಾ, ನನ್ನಿಂದ ತಪ್ಪಾಗಿತ್ತು. ಕಾಗದ ತಿರುಗಾಮುರುಗಾ ಇಟ್ಟು ಲೆಕ್ಕ ಮಾಡಿದ್ದೆ. ಈಗ ಸರಿಯಾಗಿ ಮಾಡ್ತೀನಿ" ಎಂದರು. ಶಾಂತವ್ವನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. "ಮಷೀನ ಬೆಳಿಗ್ಗೆ ತಗೊಂಡಿದ್ರ, ಆ ಕಣ್ಣಿಗೆ ಹೋಗ್ತಿತ್ತೇನ್ರಿ?" ಎಂದು ಮಗಳ ಎಡಗಣ್ಣಿನ ಕಡೆ ತೋರಿಸಿದರು. ಶ್ರೀಕಂಠಯ್ಯ ಹೌದೆಂದು ತಲೆ ಆಡಿಸಿದರು. ಶಾಂತವ್ವ ಬೈಯಲಿಲ್ಲ, ಅಳಲಿಲ್ಲ. ಮಗಳನ್ನು ಹೊರಗೆ ಕರೆದೊಯ್ದು ಬೆಂಚಿನ ಮೇಲೆ ಪಕ್ಕ ಕೂರಿಸಿಕೊಂಡು, ಅವಳ ಎಡಹುಬ್ಬನ್ನು ಹೆಬ್ಬೆರಳಿನಿಂದ ಸವರುತ್ತ ಇದ್ದುಬಿಟ್ಟರು. ಹುಡುಗಿ "ಸಾಕು ಬಿಡಬೇ" ಎಂದರೂ ಬಿಡಲಿಲ್ಲ.

ಶ್ರೀಕಂಠಯ್ಯ ಆಸ್ಪತ್ರೆಗೆ ಫೋನ್ ಮಾಡಿದರು. ತಪ್ಪು ತಮ್ಮದೆಂದೇ ಹೇಳಿ, ಹುಡುಗಿಯನ್ನು ತಾವೇ ಕರೆದುಕೊಂಡು ಬರುವುದಾಗಿಯೂ ಅಲ್ಲಿಯವರೆಗೆ ಸರದಿ ಬಿಡಬಾರದೆಂದೂ ಬೇಡಿಕೊಂಡರು. ಅತ್ತಲಿಂದ ಯಾರೋ ಗೊಣಗುತ್ತ ಒಪ್ಪಿದರು. ಹಳೆಯ ಪ್ಲಾನನ್ನು ಪೂರ್ತಿ ಅಳಿಸಿ, ಕಾಗದವನ್ನು ಸರಿಯಾದ ಮಗ್ಗುಲಿಗೆ ಹಾಸಿ ಮೊದಲಿನಿಂದ ತಿದ್ದತೊಡಗಿದರು. ಒಂದೊಂದು ಗೆರೆಗೂ ನಿಂತು, ಕವರಿನಲ್ಲಿದ್ದ ಫಿಲ್ಮ್ ಎತ್ತಿ ನೋಡಿ, ನನಗೂ ತೋರಿಸಿ "ಇದು ಬಲ ಹೌದಾ?" ಎಂದು ಕೇಳುತ್ತಿದ್ದರು. ಆ ವಿದ್ಯೆ ನನಗೆ ಏನೂ ಗೊತ್ತಿಲ್ಲದಿದ್ದರೂ ನನ್ನ ಬಾಯಿಂದ ಹೌದು ಎನ್ನಿಸಿಕೊಂಡೇ ಮುಂದೆ ಹೋಗುತ್ತಿದ್ದರು. ಅಷ್ಟು ಹೊತ್ತೂ ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಇಷ್ಟಾಗಿಯೂ ಫ್ಲಾಪಿ ತೆಗೆದುಕೊಳ್ಳದಿದ್ದರೆ?

ಕೊನೆಗೆ ಪರದೆಯ ಮೇಲೆ ಫ್ಲಾಪಿ ಹಾಕಿ ಎಂದು ಬಂತು. ಹೊಸದು ಬೇಡ ಎಂದುಕೊಂಡು ಬೆಳಿಗ್ಗೆಯಿಂದ ತಿರಸ್ಕೃತವಾಗಿ ಬಿದ್ದಿದ್ದರಲ್ಲಿ ಒಂದನ್ನು ಹಾಕಿದೆ. "ನೀನೇ ಒತ್ತಮ್ಮ" ಎಂದರು. ಒತ್ತಿದೆ. ಕರಕರ ಎಂದಿತು. ತಡೆಯುವ ಜಾಗ ಬಂತು. ತಡೆಯಲಿಲ್ಲ. ಸಾಲು ಸಾಲಾಗಿ ಹೋಗಿ, ಫಾರ್ಮ್ಯಾಟ್ ಮುಗಿಸಿ, ಹುಡುಗಿಯ ಲೆಕ್ಕವನ್ನೆಲ್ಲ ಬರೆದು ಸುಮ್ಮನಾಯಿತು. ಗೆದ್ದೆ ಎಂದು ಅನ್ನಿಸಬೇಕಿತ್ತು. ನನ್ನ ಮೈ ಮೇಲಿನ ಕೂದಲು ನೆಟ್ಟಗೆ ನಿಂತಿತ್ತು.

ಆಮೇಲೆ ಎಷ್ಟೋ ದಿನ ನನಗೆ ಇದೇ ಗೀಳು. ಕುಂಕುಮದ ಧೂಳೇ ಕಾರಣ ಎಂದು ಸಾಧಿಸಬೇಕೆಂದು ಹಠಕ್ಕೆ ಬಿದ್ದು, ಅಂಗಡಿಯ ಒಂದು ಡ್ರೈವಿನೊಳಗೆ ಬೇಕೆಂದೇ ಕುಂಕುಮ ಉದುರಿಸಿ ಫ್ಲಾಪಿ ಹಾಕಿದೆ. ಎರಡು ಸಲ ಕೆಮ್ಮಿದಂತೆ ಸದ್ದು ಮಾಡಿ ಅದು ಫಾರ್ಮ್ಯಾಟ್ ಮಾಡಿಯೇಬಿಟ್ಟಿತು. ಇನ್ನು ಉಳಿದದ್ದು ಒಂದೇ ಪರೀಕ್ಷೆ. ಶ್ರೀಕಂಠಯ್ಯನವರ ಹತ್ತಿರ ಹೋಗಿ, ಅದೇ ಕಾಗದವನ್ನು ಅದೇ ಥರ ಉಲ್ಟಾ ಇಟ್ಟು, ಅದೇ ತಪ್ಪು ಪ್ಲಾನ್ ಇನ್ನೊಮ್ಮೆ ಮಾಡಿ, ಫ್ಲಾಪಿ ಒಪ್ಪುತ್ತದೋ ಇಲ್ಲವೋ ನೋಡೋಣ ಎಂದೆ. "ಅದೊಂದು ಮಾತ್ರ ಬೇಡಮ್ಮ" ಎಂದರು. "ಒಪ್ಪದೆ ಇದ್ರೆ ನನಗೆ ಆ ಕೋಣೆಗೆ ಹೋಗೋಕೆ ಧೈರ್ಯ ಬರಲ್ಲ. ಒಪ್ಪಿಬಿಟ್ರೆ ಇನ್ನೂ ಕಷ್ಟ." ನಾನು ಮತ್ತೆ ಕೇಳಲಿಲ್ಲ.

ದೇವರು ಕಾಪಾಡಿದ ಎಂದು ಒಂದೇ ಮಾತಿನಲ್ಲಿ ಮುಗಿಸಬಹುದು. ನಮ್ಮ ಅತ್ತೆ ಹಾಗೆಯೇ ಮುಗಿಸಿದರು. ಆದರೆ ನನ್ನ ತಲೆ ಅಷ್ಟಕ್ಕೆ ಸುಮ್ಮನಾಗದು. ಗುರುತನ್ನು ಮುಚ್ಚಿದ್ದೂ ಆ ದೇವರ ಕುಂಕುಮವೇ, ಕಾಗದ ಉಲ್ಟಾ ಆದದ್ದೂ ಅದಕ್ಕೆ ತೋರಿಸಿದ ಮರ್ಯಾದೆಯಿಂದಲೇ. ಒಂದು ಕೈಯಲ್ಲಿ ತಪ್ಪು ಮಾಡಿಸಿ ಇನ್ನೊಂದು ಕೈಯಲ್ಲಿ ತಡೆಯುವುದು ಎಂಥ ಕಾಪಾಡುವಿಕೆ? ಹಾಗಾದರೆ ಕಾಕತಾಳೀಯವೇ? ಅದೂ ಇರಬಹುದು. ಆದರೆ ಆ ಮಧ್ಯಾಹ್ನ ಪ್ಲಾನ್ ಬದಲಾಯಿಸಿದಾಗಲೆಲ್ಲ ಒಪ್ಪಿ, ಸವಿತಾಳದ್ದು ಬಂದಾಗಲೆಲ್ಲ ಒಲ್ಲೆನೆಂದದ್ದನ್ನು ಕಣ್ಣಾರೆ ಕಂಡವಳು ನಾನು. ಕಾಕತಾಳೀಯ ಎನ್ನುವಾಗ ನನ್ನ ನಾಲಿಗೆಯೇ ನನಗೆ ಸಹಕರಿಸುವುದಿಲ್ಲ. ಹುಡುಗಿಯ ಚಿಕಿತ್ಸೆ ನಡೆಯಿತು. ಬಲಗಣ್ಣಿನ ಮಂಜು ಪೂರ್ತಿ ಹೋಗಲಿಲ್ಲ, ಗಡ್ಡೆ ಮಾತ್ರ ಸುಟ್ಟುಹೋಯಿತು, ಅವಳು ಮತ್ತೆ ಕಾಲೇಜಿಗೆ ಸೇರಿದಳು ಎಂದು ಆಮೇಲೆ ಶ್ರೀಕಂಠಯ್ಯ ಹೇಳಿದರು.

ಆ ಸಂಜೆ ಅವರು ಹೊರಟಾಗಿನ ಒಂದು ಮಾತು ಹೇಳಿ ಮುಗಿಸುತ್ತೇನೆ. ಗೇಟಿನ ಮುಂದೆ ಆಟೋ ಬಂದಿತ್ತು. ಶ್ರೀಕಂಠಯ್ಯ ಫ್ಲಾಪಿಯನ್ನು ಜೇಬಿನಲ್ಲಿಟ್ಟು ಅದರ ಮೇಲೆ ಕೈ ಇಟ್ಟುಕೊಂಡೇ ಹತ್ತಿದರು. ಶಾಂತವ್ವ ಹತ್ತಿದರು. ಸವಿತಾ ಹತ್ತುವ ಮೊದಲು ನನ್ನ ಕಡೆ ತಿರುಗಿ, "ಏನಾಗಿತ್ರಿ ಅಕ್ಕಾರ, ಅದಕ್ಕ?" ಎಂದು ಕೇಳಿದಳು.

ರಿಪೇರಿ ಆದ ಮೇಲೆ ಎಲ್ಲ ಗಿರಾಕಿಗಳೂ ಕೇಳುವ ಪ್ರಶ್ನೆ ಅದು. ನಮ್ಮ ಕಸುಬಿನಲ್ಲಿ ಅದಕ್ಕೊಂದು ಸಿದ್ಧ ಉತ್ತರವಿದೆ: ಲೂಸ್ ಕಾಂಟ್ಯಾಕ್ಟ್. ತಿಳಿಯದ್ದಕ್ಕೆಲ್ಲ ನಾವು ಇಟ್ಟಿರುವ ಹೆಸರು ಅದು. ಆ ಮುಖ ನೋಡಿಕೊಂಡು ಹಾಗೆನ್ನಲು ಆಗಲಿಲ್ಲ.

"ಗೊತ್ತಾಗ್ಲಿಲ್ಲ ಕಣೇ" ಎಂದೆ.

ಅವಳು ಆಟೋದ ಕಂಬಿ ಹಿಡಿದು ಒಂದು ಕಾಲು ಒಳಗಿಟ್ಟಳು. "ಚಲೋನ ಆತ ಬಿಡ್ರಿ" ಎಂದಳು. "ಗೊತ್ತಾಗಿದ್ರ ನೀವು ಆಗಲೇ ರಿಪೇರಿ ಮಾಡಿಬಿಡ್ತಿದ್ರಿ."

ಆಟೋ ಹೊರಟುಹೋಯಿತು. ನಾನು ಚೀಲ ಹಿಡಿದುಕೊಂಡು ಗೇಟಿನ ಹತ್ತಿರವೇ ನಿಂತಿದ್ದೆ.